ಆಸ್ಪೆರುಪ್‌ಗೆ ಹೋದ ಕುದುರೆ

ಓದೆನ್ಸೆಯ ದೊಡ್ಡ ಅಂಚೆ ಕಚೇರಿಯಲ್ಲಿ ನಲವತ್ತೆರಡು ವರ್ಷ ಕಾಗದ ವಿಂಗಡಿಸಿದ ಬೋದಿಲ್ ಲುಂದಿಂಗ್‌ಳನ್ನು ನೋಡಿದವರು ಇವಳು ಚದುರಂಗದಲ್ಲಿ ಹೆಸರು ಮಾಡಿದವಳು ಎಂದು ಹೇಳುತ್ತಿರಲಿಲ್ಲ. ಗಿಡ್ಡ ಹೆಂಗಸು, ಅಗಲವಾದ ಕೈ, ಮಳೆ ಬರಲಿ ಬಿಡಲಿ ಸೈಕಲ್ಲಿನ ಹಿಂದೆ ಮಳೆಕೋಟು. ಅವಳ ಅಡುಗೆಮನೆಗೆ ಹೋದವರಿಗೆ ಮಾತ್ರ ಗೋಡೆಯ ಮೇಲೊಂದು ನೀಲಿ ಪಿಂಗಾಣಿ ತಟ್ಟೆ ಕಾಣುತ್ತಿತ್ತು. ತಟ್ಟೆಯ ನಡುವೆ ಒಂದು ಕುದುರೆ. ಅದರ ಕೆಳಗೆ 5466, ಮುಂದೆ ಎರಡು ಆಶ್ಚರ್ಯ ಚಿಹ್ನೆ. ಅಂಚೆಯಲ್ಲಿ ಚದುರಂಗ ಆಡುವವರ ಸಂಘ 1970ರಲ್ಲಿ ವರ್ಷದ ಅತಿ ಸುಂದರ ಆಟಕ್ಕೆಂದು ಕೊಟ್ಟ ಬಹುಮಾನ ಅದು. ಪ್ರತಿ ದಿನ ಬೆಳಿಗ್ಗೆ ಕಾಫಿ ಕಾಯಿಸುವಾಗ ಬೋದಿಲ್ ಆ ತಟ್ಟೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು.

ಅವಳಿಗೆ ಆಟ ಕಲಿಸಿದವನು ಅಪ್ಪ. ಕೆರ್ಟೆಮಿಂಡೆಯ ಹತ್ತಿರ ಒಬ್ಬ ಸಾಹುಕಾರರ ತೋಟದ ಮಾಲಿಯಾಗಿದ್ದವನು. ಒಂದು ಕಾಲು ಊನ, ಚಳಿಗಾಲವಿಡೀ ಮನೆಯಲ್ಲೇ. ಮಗಳನ್ನು ಎದುರಿಗೆ ಕೂರಿಸಿಕೊಂಡು ಹಲಗೆ ಹರಡುತ್ತಿದ್ದ. ಅವನದು ಒಂದೇ ಪಾಠ: ಇರೋದನ್ನ ಕೈಬಿಡಬೇಡ. ಒಂದು ಕಾಲಾಳು ಹೋದರೂ ಅವನು ರಾತ್ರಿಯಿಡೀ ಅದನ್ನೇ ಹೇಳಿಕೊಳ್ಳುತ್ತಿದ್ದ. ಬೋದಿಲ್ ಕಲಿತದ್ದೂ ಅದನ್ನೇ. ಮುಂದೆ ಅಂಚೆಯಲ್ಲಿ ಆಡತೊಡಗಿದಾಗ, ಜಟ್ಲಂಡಿನ ಒಬ್ಬ ಎದುರಾಳಿ ಅವಳ ಆಟವನ್ನು ಬಾಗಿಲಿಗೆ ಮೂರು ಚಿಲಕ ಹಾಕಿಕೊಂಡು ಕೂತವರ ಆಟ ಎಂದು ಕಾರ್ಡಿನಲ್ಲಿ ಹಂಗಿಸಿದ್ದ. ಅವಳು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು.

ಅಂಚೆಯ ಚದುರಂಗಕ್ಕೆ ನಾಲ್ಕು ಅಂಕಿ ಸಾಕು. ಹಲಗೆಯ ಎಡದಿಂದ ಬಲಕ್ಕೆ ಒಂದರಿಂದ ಎಂಟು, ಕೆಳಗಿನಿಂದ ಮೇಲಕ್ಕೆ ಒಂದರಿಂದ ಎಂಟು. ಮೊದಲ ಎರಡು ಅಂಕಿ ಕಾಯಿ ಇರುವ ಮನೆ, ಕೊನೆಯ ಎರಡು ಅದು ಹೋಗುವ ಮನೆ. ಕಾರ್ಡಿನಲ್ಲಿ ಆ ನಾಲ್ಕು ಅಂಕಿ ಬರೆದು ಡಬ್ಬಿಗೆ ಹಾಕಿದರೆ ಮುಗಿಯಿತು, ನಡೆ ನಡೆಯೇ. ತಪ್ಪಾಯಿತು ಅಂತ ಹೇಳಿಕೊಳ್ಳುವಂತಿಲ್ಲ. ಉತ್ತರ ಬರೆಯುವವನು ಮೊದಲು ಎದುರಾಳಿಯ ನಡೆಯನ್ನು ಇನ್ನೊಮ್ಮೆ ಬರೆದು, ಅದರ ಕೆಳಗೆ ತನ್ನದನ್ನು ಬರೆಯಬೇಕು. ಕಾರ್ಡು ಹೋಗಿ ಬರಲು ನಾಲ್ಕೈದು ದಿನ. ಒಂದು ಆಟ ಮುಗಿಯಲು ವರ್ಷ ಹಿಡಿದರೂ ಯಾರೂ ಅವಸರ ಮಾಡುತ್ತಿರಲಿಲ್ಲ.

ಇಂಥ ನಾಲ್ಕು ಅಂಕಿಗಳ ಸಹವಾಸದಲ್ಲಿ ಬೋದಿಲ್ ಹಾಯಾಗಿದ್ದಳು. ಅಷ್ಟರಲ್ಲಿ 1967ರಲ್ಲಿ ಸರ್ಕಾರ ದೇಶದ ಊರೂರಿಗೂ ನಾಲ್ಕು ಅಂಕಿಯ ಅಂಚೆ ಸಂಖ್ಯೆ ಕೊಟ್ಟಿತು. ಕಚೇರಿಯಲ್ಲಿ ಎಲ್ಲರೂ ಗೊಣಗಿದರು. ಬೋದಿಲ್ ಮಾತ್ರ ಎರಡು ವಾರದಲ್ಲಿ ತಾನಿದ್ದ ಫ್ಯೂನ್ ದ್ವೀಪದ ಅಷ್ಟೂ ಊರುಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿದಳು. ವಿಂಗಡಿಸುವ ಗೂಡುಗಳ ಮುಂದೆ ನಿಂತರೆ ಕೈ ತಾನಾಗಿ ಓಡುತ್ತಿತ್ತು. ಪಕ್ಕದ ಮೇಜಿನ ಸ್ವೆನ್ನಿಂಗ್ ಪಟ್ಟಿ ತೆಗೆದು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ, ಅವಳನ್ನೇ ಕೇಳುತ್ತಿದ್ದ.

1969ರ ಅಕ್ಟೋಬರಿನಲ್ಲಿ ಅವಳು ಏಳು ಆಟ ಒಟ್ಟಿಗೆ ಆಡುತ್ತಿದ್ದಳು. ಅದರಲ್ಲೊಂದು ಥಿಸ್ಟೆದ್ ಊರಿನ ಎಯ್ನರ್ ಕ್ವಿಸ್ಟ್‌ನ ಜೊತೆ. ಜಟ್ಲಂಡಿನ ಉತ್ತರದ ತುದಿಯಲ್ಲಿ ಒಂದು ಡೇರಿಯಲ್ಲಿ ಚೀಸ್ ಮಾಡುವ ಮೇಸ್ತ್ರಿ ಅವನು. ಕಾರ್ಡಿನಲ್ಲಿ ನಡೆ, ಅದರ ಕೆಳಗೆ ಗಾಳಿಯ ವರದಿ, ಇಷ್ಟೇ ಬರೆಯುವವನು. ಹದಿನೇಳನೆಯ ನಡೆಯಲ್ಲಿ ಅವನ ಕಾಲಾಳು ಮುಂದೆ ನುಗ್ಗಿ ಬೋದಿಲ್‌ಳ ಕುದುರೆಯನ್ನು ಗದರಿಸಿತ್ತು. ಭಾನುವಾರವಿಡೀ ಹಲಗೆ ನೋಡಿ ಅವಳು ತೀರ್ಮಾನಿಸಿದಳು. ಕುದುರೆ ಹಿಂದಕ್ಕೆ ಬರಬೇಕು, 5473, ಅಪ್ಪ ಇದ್ದಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ.

ಸೋಮವಾರ ಒಂಬತ್ತರ ಕಾಫಿ ವೇಳೆಯಲ್ಲಿ ಅವಳು ಕಾರ್ಡು ತೆಗೆದು ಬರೆಯಲು ಕೂತಳು. ಮೇಜಿನ ಆಚೆ ಸ್ವೆನ್ನಿಂಗ್ ಸಂಖ್ಯೆ ಬರೆಯದ ಕಾಗದಗಳ ಒಂದು ಕಟ್ಟು ಹಿಡಿದು ಗೊಣಗುತ್ತಿದ್ದ.

"ಇವ್ರಿಗೆಲ್ಲ ನಂಬರ್ ಬರೀರಿ ಅಂದ್ರೆ ಕೈ ಸೇದಿ ಹೋಗತ್ತಾ? ಬೋದಿಲ್, ಹಾರ್ನ್‌ದ್ರುಪ್?"

"5463."

"ಆಸ್ಪೆರುಪ್ ಎಷ್ಟು ಮಾರಾಯ್ತಿ?"

"5466," ಎಂದಿತು ಬಾಯಿ. ಅದೇ ಹೊತ್ತಿಗೆ ಕಾರ್ಡಿನ ಮೇಲಿದ್ದ ಕೈಯೂ ಅದನ್ನೇ ಬರೆಯಿತು. ಅವಳು ಶಾಯಿ ಆರುವವರೆಗೆ ಒಂದು ಗುಟುಕು ಕಾಫಿ ಕುಡಿದು, ಕಾರ್ಡನ್ನು ಉತ್ತರದ ಊರುಗಳ ಚೀಲಕ್ಕೆ ಎಸೆದು ಎದ್ದಳು.

ಆರನೆಯ ದಿನ ಉತ್ತರ ಬಂತು. ಸಂಜೆ ಮನೆಗೆ ಬಂದು ಹಲಗೆಯ ಮುಂದೆ ಕೂತಾಗ ಅವಳ ಕಣ್ಣು ಮೊದಲು ಹೋದದ್ದು ಕೆಳಗಿನ ಸಾಲಿಗೆ: 7766. ಎಯ್ನರ್‌ನ ಕಾಲಾಳು ಓರೆಯಾಗಿ ಹೋಗಿ ಏನನ್ನೋ ಹೊಡೆದಿದೆ. ಆದರೆ ಅವಳ ಹಲಗೆಯಲ್ಲಿ ಆ ಮನೆ ಖಾಲಿ. ಪಾಪ, ಚೀಸಿನ ಹಬೆಯಲ್ಲಿ ಕನ್ನಡಕ ಮಂಜಾಗಿರಬೇಕು ಎಂದುಕೊಂಡು ಅವಳು ಬಹಳ ಮರ್ಯಾದೆಯಿಂದ ಒಂದು ಕಾರ್ಡು ಬರೆಯತೊಡಗಿದಳು: ಮಾನ್ಯ ಕ್ವಿಸ್ಟ್ ಅವರೇ, ನಿಮ್ಮ ನಡೆಯಲ್ಲಿ ಕಣ್ತಪ್ಪಿನಿಂದ ಏನೋ ದೋಷವಾದಂತಿದೆ. ಅಷ್ಟು ಬರೆದ ಮೇಲೆ ಅವನ ಕಾರ್ಡಿನ ಮೇಲಿನ ಸಾಲು ಓದಿದಳು. ನಿಮ್ಮ 5466 ತಲುಪಿತು.

ಅವಳು ಪೆನ್ನು ಕೆಳಗಿಟ್ಟಳು. ಗಂಡ ಆಕ್ಸೆಲ್ ಸಿಟಿ ಬಸ್ಸಿನ ಚಾಲಕ, ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ.

"ಏನಾಯ್ತೇ? ಮುಖ ಹಾಗ್ಯಾಕೆ?"

"ಆಸ್ಪೆರುಪ್," ಎಂದಳು ಅವಳು.

"ಆಸ್ಪೆರುಪ್‌ಗೆ ಏನಾಯ್ತು?"

"ಏನೂ ಇಲ್ಲ."

"ಅದು ನಂಗೂ ಗೊತ್ತು. ಆ ಊರಲ್ಲಿ ಯಾವತ್ತೂ ಏನೂ ಆಗಿಲ್ಲ," ಎಂದು ಆಕ್ಸೆಲ್ ಇನ್ನೊಂದು ಬೂಟಿಗೆ ಕೈ ಹಾಕಿದ.

ಕುದುರೆ ಹಿಂದಕ್ಕೆ ಬರುವ ಬದಲು ಶತ್ರುವಿನ ರಾಜನ ಬಾಗಿಲಿಗೆ ಹೋಗಿ, ಚೆಕ್ ಎಂದು ಕೂಗಿ, ಸತ್ತಿತ್ತು. ಬೋದಿಲ್ ಮೊದಲು ಯೋಚಿಸಿದ್ದು ಸೋಲೊಪ್ಪಿಕೊಳ್ಳುವುದನ್ನೇ. 5466 ಕೈತಪ್ಪು, ಆಟ ನಿಮ್ಮದು, ಎಂದು ಕಾರ್ಡನ್ನೂ ಬರೆದಳು. ಆದರೆ ಅಷ್ಟು ತಿಂಗಳು ಜೊತೆಗಿದ್ದ ಕುದುರೆಯನ್ನು ಹಾಗೆ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಸೋಲುವುದಿದ್ದರೆ ಸ್ವಲ್ಪ ನೋಡಿಯಾದರೂ ಸೋಲೋಣ ಎಂದು ಹಲಗೆ ಸರಿಮಾಡಿ ನೋಡಿದಳು. ಕಾಲಾಳು ಸರಿದ ಕಡೆ ರಾಜನ ಗೋಡೆಯಲ್ಲಿ ಒಂದು ಬಿರುಕು. ಆ ಬಿರುಕಿನ ದಾರಿಗೆ ತನ್ನ ರಾಣಿ ಒಂದೇ ನಡೆಯಲ್ಲಿ ಹೋಗಬಹುದು. ಅವಳು ಸೋಲಿನ ಕಾರ್ಡನ್ನು ಒಲೆಗೆ ಹಾಕಿ ಹೊಸದರಲ್ಲಿ 5285 ಎಂದು ಬರೆದಳು. ಬರೆದದ್ದನ್ನು ಮೂರು ಸಲ ಓದಿದಳು.

ಇರೋದನ್ನ ಕೈಬಿಡದ ಹೆಂಗಸಿಗೆ ಈಗ ಕೈಯಲ್ಲಿ ಕುದುರೆ ಇಲ್ಲ, ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. ದಾಳಿ ಮಾಡುವುದನ್ನು ಅವಳು ಮೂವತ್ತೆಂಟನೆಯ ವಯಸ್ಸಿನಲ್ಲಿ ಅನಿವಾರ್ಯಕ್ಕೆ ಕಲಿತಳು. ಇಪ್ಪತ್ತೆರಡನೆಯ ನಡೆಗೆ ಬಂದಾಗ ದಾಳಿ ನಿಂತೇ ಹೋಯಿತು. ರಾಣಿಗೆ ಜೊತೆಯಿಲ್ಲ, ಎಯ್ನರ್‌ನ ಕಾಯಿಗಳು ಒಂದೊಂದಾಗಿ ರಾಜನ ಕಡೆ ಓಡಿ ಬರುತ್ತಿದ್ದವು. ಬೋದಿಲ್ ಅಲ್ಲಿ ಹತ್ತೊಂಬತ್ತು ದಿನ ಕೂತಳು. ಸೈಕಲ್ ತುಳಿಯುವಾಗ, ಆಲೂಗಡ್ಡೆ ಸುಲಿಯುವಾಗ, ಗೂಡುಗಳ ಮುಂದೆ ನಿಂತಾಗ, ತಲೆಯಲ್ಲಿ ಅದೇ. ಒಮ್ಮೆ ಬೋಗೆನ್ಸೆಗೆ ಹೋಗಬೇಕಾದ ಇಡೀ ಕಟ್ಟು ಮಿದೆಲ್‌ಫಾರ್ಟ್ ಗೂಡಿಗೆ ಬಿತ್ತು. ಸ್ವೆನ್ನಿಂಗ್ ಹೆದರಿ, "ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದ.

ಹತ್ತೊಂಬತ್ತನೆಯ ದಿನ ಅವಳಿಗೆ ಅದು ಕಂಡಿತು. 5156. ಆನೆಯನ್ನು ಸೀದಾ ತೆಗೆದುಕೊಂಡು ಹೋಗಿ ಎದುರಾಳಿಯ ಒಂಟೆಯ ಬಾಯಿಗೆ ಇಡುವುದು. ಚೆಕ್ ಇಲ್ಲ, ಬೆದರಿಕೆಯೂ ಮೇಲ್ನೋಟಕ್ಕೆ ಕಾಣದು. ತಗೊಳ್ಳಿ ಎಂದು ಇಟ್ಟು ಸುಮ್ಮನೆ ಕೂರುವುದು. ತೆಗೆದುಕೊಂಡರೆ ನಾಲ್ಕು ನಡೆಯಲ್ಲಿ ರಾಜನಿಗೆ ನಿಲ್ಲಲು ಮನೆಯಿಲ್ಲ. ತೆಗೆದುಕೊಳ್ಳದಿದ್ದರೆ ಆ ಆನೆಯೇ ಗೋಡೆ ಒಡೆಯುತ್ತದೆ. ಮೂವತ್ತಕ್ಕೂ ಹೆಚ್ಚು ಕವಲುಗಳನ್ನು ಅವಳು ಅಂಚೆಯ ಹಳೆಯ ಫಾರಮ್ಮುಗಳ ಬೆನ್ನಿಗೆ ಬರೆದು ಬರೆದು ನೋಡಿದ್ದಳು. ಕುದುರೆ ಕೈತಪ್ಪಿ ಸತ್ತಿತ್ತು, ಆನೆಯನ್ನು ಮಾತ್ರ ಅವಳು ಕಣ್ಣು ತೆರೆದು, ಬೇಕೆಂದೇ ಬಲಿಕೊಟ್ಟಳು. ಕಾರ್ಡನ್ನು ಡಬ್ಬಿಗೆ ಹಾಕುವಾಗ ಅವಳಿಗೆ ಅಪ್ಪನಿಗೆ ಎದುರಾಡಿದಂತೆ ಅನಿಸಿತು.

ಮೂವತ್ತೊಂದನೆಯ ನಡೆಗೆ ಎಯ್ನರ್ ಶರಣಾದ. ಗಾಳಿಯ ವರದಿ ಬಿಟ್ಟು ಮೊದಲ ಸಲ ಬೇರೆ ಏನೋ ಬರೆದಿದ್ದ: ಹನ್ನೆರಡು ವರ್ಷದಲ್ಲಿ ನಾನು ಬೇಕಾದಷ್ಟು ಸೋತಿದ್ದೇನೆ, ಇಷ್ಟು ಚೆಂದವಾಗಿ ಸೋತಿರಲಿಲ್ಲ.

ಆಟವನ್ನು ಸಂಘದ ಪತ್ರಿಕೆಗೆ ಕಳಿಸಿದವನೂ ಅವನೇ. ಪತ್ರಿಕೆಯಲ್ಲಿ ಆಟಗಳಿಗೆ ಟಿಪ್ಪಣಿ ಬರೆಯುತ್ತಿದ್ದವರು ಆರ್ಹುಸ್‌ನ ಹೋಸ್ಟ್ರುಪ್ ಎಂಬ ಮೇಷ್ಟ್ರು. ಒಳ್ಳೆಯ ನಡೆಗೆ ಒಂದು ಆಶ್ಚರ್ಯ ಚಿಹ್ನೆ ಹಾಕುವುದಕ್ಕೂ ಹಿಂದೆಮುಂದೆ ನೋಡುವ ಜಿಪುಣರು. ಅವರು 5466ರ ಮುಂದೆ ಎರಡು ಹಾಕಿ ಬರೆದರು: ಇಂಥ ನಡೆಯನ್ನು ವಿವರಿಸಲು ಹೋಗಬಾರದು, ಟೊಪ್ಪಿಗೆ ತೆಗೆದು ನಿಲ್ಲಬೇಕು. ಲುಂದಿಂಗ್ ಅವರು ಕೊನೆಯವರೆಗಿನ ಪ್ರತಿಯೊಂದನ್ನೂ ಇಲ್ಲಿಯೇ ಕಂಡಿದ್ದಾರೆ. ಮುಂದೆ 5156ಕ್ಕೆ ಯಾವ ಚಿಹ್ನೆಯೂ ಇರಲಿಲ್ಲ. ಉಳಿದದ್ದು ತಾನಾಗಿಯೇ ಆಡಿಕೊಳ್ಳುತ್ತದೆ, ಎಂದು ಒಂದು ಸಾಲು.

ಬೋದಿಲ್ ಆ ಪುಟವನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. ಆಸ್ಪೆರುಪ್‌ಗೆ ಎರಡು ಚಿಹ್ನೆ. ಹತ್ತೊಂಬತ್ತು ದಿನಕ್ಕೆ ಒಂದೂ ಇಲ್ಲ. ಅವಳಿಗೆ ನಗು ಬಂತು, ಅದರ ಹಿಂದೆಯೇ ಹೊಟ್ಟೆ ಉರಿಯಿತು. ಆಗಲೇ ಒಂದು ಕಾರ್ಡು ಬರೆದು ನಿಜ ಹೇಳಿಬಿಡಬಹುದಿತ್ತು. ನಾಳೆ ಬರೆದರಾಯಿತು ಎಂದುಕೊಂಡಳು. ನಾಳೆಯ ಹೊತ್ತಿಗೆ ಕಚೇರಿಯಲ್ಲಿ ಕೇಕ್ ಬಂದಿತ್ತು. ಆಮೇಲೆ ತಟ್ಟೆ ಬಂತು. ತಟ್ಟೆಯನ್ನು ಗೋಡೆಗೆ ತೂಗುಹಾಕಿದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು.

ವರ್ಷಗಳು ಹೋದವು. ಬೋದಿಲ್ ಸುಳ್ಳು ಹೇಳಲಿಲ್ಲ, ಸುಮ್ಮನಿದ್ದಳು ಅಷ್ಟೇ. ಆದರೆ ವರ್ಷಗಟ್ಟಲೆ ಸುಮ್ಮನಿರುವುದಕ್ಕೂ ದುಡಿಯಬೇಕಾಗುತ್ತದೆ. ಯಾರಾದರೂ ಆ ನಡೆಯ ಮಾತೆತ್ತಿದರೆ ಅವಳು ಕಾಫಿ ತರಲು ಒಳಗೆ ಹೋಗುತ್ತಿದ್ದಳು, ಜನ ಅದನ್ನು ನಾಚಿಕೆ, ವಿನಯ ಎಂದು ಹೊಗಳುತ್ತಿದ್ದರು. ಎಯ್ನರ್‌ನ ಜೊತೆ ಒಂದರ ಹಿಂದೊಂದು ಆಟ ನಡೆಯುತ್ತಲೇ ಇತ್ತು. 1972ರಲ್ಲಿ ಅವನು ಕಾರ್ಡಿನಲ್ಲಿ ನೀವು ಬಿಟ್ಟು ನೀನು ಎಂದು ಬರೆದ, ಅವಳೂ ಹಾಗೇ ಬರೆದಳು. ಅವನ ಹೆಂಡತಿ ಗೆರ್ದಾ ತೀರಿಕೊಂಡಾಗ ಅವನ ಕಾರ್ಡಿನಲ್ಲಿ ನಡೆಯ ಕೆಳಗೆ, ಗೆರ್ದಾ ಮಂಗಳವಾರ ಹೋದಳು, ಗಾಳಿ ಇರಲಿಲ್ಲ, ಎಂದಿತ್ತು. ಬೋದಿಲ್ ಅದನ್ನು ಹಿಡಿದು ಬಹಳ ಹೊತ್ತು ಅತ್ತಳು. ಆಕ್ಸೆಲ್, "ನನ್ನನ್ನ ಮದ್ವೆ ಆಗೋಕ್ಮುಂಚೆ ನೀನು ನಂಗೆ ಬರ್ದಿದ್ದು ಮೂರೇ ಕಾಗದ. ಆ ಚೀಸಿನವನಿಗೆ ಸಾವಿರ ಆಗಿರ್ಬೇಕು," ಎಂದು ಆಗಾಗ ಚುಡಾಯಿಸುತ್ತಿದ್ದ. ಇಷ್ಟಾದರೂ ಬೋದಿಲ್, ಎಯ್ನರ್ ಇಬ್ಬರೂ ಒಮ್ಮೆಯೂ ಪರಸ್ಪರ ಮುಖ ನೋಡಿರಲಿಲ್ಲ. ಅವನು ಆ ಆಟದ ಹಲಗೆಯ ಚಿತ್ರವನ್ನು ಕಟ್ಟು ಹಾಕಿಸಿ ಡೇರಿಯ ಗೋಡೆಗೆ ಹಾಕಿದ್ದಾನೆ, ಚೀಸ್ ಕೊಳ್ಳಲು ಬಂದವರಿಗೆಲ್ಲ ತೋರಿಸುತ್ತಾನೆ ಎಂಬ ಸುದ್ದಿ ಬೇರೆಯವರಿಂದ ಬಂದಿತ್ತು. ಆ ಸುದ್ದಿ ಕೇಳಿದ ಮೇಲೆ ಅವಳ ಬಾಯಿಗೆ ಇನ್ನೊಂದು ಬೀಗ ಬಿತ್ತು. ತನ್ನ ಮಾನ ಹೋದರೆ ಹೋಗಲಿ, ಅವನದನ್ನು ಕಳೆಯುವುದು ಹೇಗೆ?

1994ರಲ್ಲಿ, ಬೋದಿಲ್ ಕೆಲಸ ಬಿಟ್ಟ ಮರುವರ್ಷ, ಸಂಘದಿಂದ ಒಂದು ಕಾಗದ ಬಂತು. ಸಂಘಕ್ಕೆ ಐವತ್ತು ತುಂಬುತ್ತದೆ, ಐವತ್ತು ಆಟಗಳ ಪುಸ್ತಕ ಮಾಡುತ್ತಿದ್ದೇವೆ, ಆಡಿದವರೇ ತಮ್ಮ ಆಟಕ್ಕೆ ಟಿಪ್ಪಣಿ ಬರೆಯಬೇಕು, ನಿಮ್ಮದು 5466. ಅವಳು ಟೈಪ್‌ರೈಟರಿನ ಮುಂದೆ ಕೂತಳು. ಹದಿನೇಳು ನಡೆಯವರೆಗೆ ಸಲೀಸಾಗಿ ಬಂತು. ಹದಿನೆಂಟರಲ್ಲಿ ಬೆರಳು ನಿಂತಿತು. ಮೇಷ್ಟ್ರು ಬರೆದದ್ದು ಮೇಷ್ಟ್ರ ಭ್ರಮೆ. ಈಗ ಅದನ್ನೇ ತಾನು ಬರೆದು ಕೆಳಗೆ ಹೆಸರು ಹಾಕಿದರೆ ಅದು ತನ್ನ ಸುಳ್ಳು. ನಿಜ ಬರೆದರೆ ಥಿಸ್ಟೆದ್‌ನ ಗೋಡೆಯ ಮೇಲಿನ ಚಿತ್ರಕ್ಕೆ ಏನು ಬೆಲೆ? ಒಂದು ವಾರ ಹಾಳೆ ಯಂತ್ರದಲ್ಲೇ ಸಿಕ್ಕಿಕೊಂಡಿತ್ತು. ಕೊನೆಗೆ, ಅಚ್ಚಾಗುವ ಮುಂಚೆ ಎಯ್ನರ್‌ಗೆ ಎದುರಿಗೆ ನಿಂತು ಹೇಳಬೇಕು, ಕಾರ್ಡಿನಲ್ಲಿ ಹೇಳುವ ಮಾತಲ್ಲ ಇದು, ಎಂದು ನಿಶ್ಚಯಿಸಿ ಫೋನಿನ ಹತ್ತಿರ ಹೋದಳು.

"ಎಯ್ನರ್, ನಾನು ಬೋದಿಲ್."

"ಯಾವ ಬೋದಿಲ್?"

"ಓದೆನ್ಸೆ ಬೋದಿಲ್."

ಜಟ್ಲಂಡಿನವರ ಮಾತೇ ಬೇರೆ, ಉತ್ತರದವರದಂತೂ ಇನ್ನೂ ಬೇರೆ. "ಯಾರರೆ ಸತ್ತರೇನು?" ಎಂದು ಕೇಳಿದ.

"ಇಲ್ಲ, ನಿನ್ನನ್ನ ನೋಡೋಕೆ ಬರ್ತೀನಿ."

"ಹಂಗಾರ ಬಾ," ಎಂದು ಅವನು ಫೋನಿಟ್ಟ.

ಗುರುವಾರ ಅವಳು ಓದೆನ್ಸೆಯ ಬ್ರೂನ್ಸ್‌ವಿಯರ್ ಕೇಕನ್ನು, ಮೇಲೆ ಕಂದು ಸಕ್ಕರೆ ಜಿನುಗುವಂಥದ್ದನ್ನು, ಡಬ್ಬಿಯಲ್ಲಿ ಹಾಕಿಕೊಂಡು ರೈಲು ಹತ್ತಿದಳು. ಸ್ತ್ರೂಎರ್‌ನಲ್ಲಿ ರೈಲು ಬದಲಿಸಿ, ಒಳಗಡಲಿನ ಸೇತುವೆ ದಾಟಿ, ಮಧ್ಯಾಹ್ನಕ್ಕೆ ಥಿಸ್ಟೆದ್. ನಿಲ್ದಾಣದಲ್ಲಿ ಕಾಯುತ್ತಿದ್ದ ಮನುಷ್ಯನನ್ನು ಅವಳು ಗುರುತಿಸಲಿಲ್ಲ. ಇಷ್ಟು ವರ್ಷ ಎತ್ತರದ ಆಳನ್ನು ಊಹಿಸಿಕೊಂಡಿದ್ದಳು. ಎಯ್ನರ್ ಅವಳಿಗಿಂತ ಒಂದಿಂಚು ಕುಳ್ಳ, ಎಪ್ಪತ್ತೆರಡರ ಮುದುಕ, ಕಿವಿ ದೊಡ್ಡವು.

"ನೀ ಭಾಳ ಉದ್ದ ಇರ್ತಿ ಅಂತ ಮಾಡಿದ್ದೆ," ಎಂದ ಅವನು.

"ನಾನೂ ಹಾಗೇ ಅಂದ್ಕೊಂಡಿದ್ದೆ, ನಿನ್ನನ್ನ."

"ಇಬ್ಬರಿಗೂ ಮೋಸ ಆತು. ನಡಿ, ಹಸದಿರಬೇಕು."

ಮನೆಯಲ್ಲಿ ಊಟದ ಮೇಜಿನ ಒಂದು ಕಡೆ ಕರಿ ರೊಟ್ಟಿ, ಚೀಸು. ಇನ್ನೊಂದು ಕಡೆ ಹಲಗೆ ಹರಡಿತ್ತು. ಬೋದಿಲ್ ಒಂದೇ ನೋಟಕ್ಕೆ ಗುರುತಿಸಿದಳು. ಹದಿನೆಂಟನೆಯ ನಡೆಗೆ ಮುಂಚಿನ ಸ್ಥಿತಿ, ಕುದುರೆ ಇನ್ನೂ ಜೀವಂತ. ಹೇಳದೆ ತಿಂದರೆ ತಿಂದದ್ದೂ ದಕ್ಕುವುದಿಲ್ಲ ಎನಿಸಿ ತಟ್ಟೆ ಸರಿಸಿದಳು.

"ಎಯ್ನರ್, ಈ ಕುದುರೆ ಅಲ್ಲಿಗೆ ಹೋಗ್ಬೇಕಾಗಿರ್ಲಿಲ್ಲ."

"ಮತ್ತ?"

"ಹಿಂದಕ್ಕೆ ಬರ್ಬೇಕಿತ್ತು. 5473. ನಾನು ಏನೂ ಕಂಡಿರ್ಲಿಲ್ಲ. ಲೆಕ್ಕ ಹಾಕಿರ್ಲಿಲ್ಲ, ಬಲಿ ಕೊಟ್ಟಿರ್ಲಿಲ್ಲ. ಕೈ ತಪ್ತು, ಅಷ್ಟೇ. ಆಫೀಸಲ್ಲಿ ಒಂದೂರಿನ ನಂಬರ್ ಕೇಳಿದ್ರು, ಅದನ್ನ ಬರೆದುಬಿಟ್ಟೆ." ಇಪ್ಪತ್ತೈದು ವರ್ಷ ಒಳಗಿದ್ದದ್ದು ಹೊರಗೆ ಬರುವಾಗ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವಳು ಅವನ ಮುಖ ನೋಡಲಾರದೆ ಹಲಗೆಯನ್ನೇ ನೋಡಿದಳು.

ಎಯ್ನರ್ ಚೀಸ್ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಹಿಂದಕ್ಕ ಬರೂದಿತ್ತು ಅನ್ನೂದು ನನಗ ಗೊತ್ತಿರಲಿಲ್ಲ," ಎಂದ. "ಆಸ್ಪೆರುಪ್ ಅನ್ನೂದು ಗೊತ್ತಿತ್ತು."

ಬೋದಿಲ್ ತಲೆ ಎತ್ತಿದಳು. ಆ ಊರಿನ ಹೆಸರನ್ನು ಅವಳು ಇನ್ನೂ ಹೇಳಿರಲಿಲ್ಲ.

ಅವನು ಎದ್ದು ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ತಂದ. ತುಂಬ ಅವಳದೇ ಕಾರ್ಡುಗಳು. ಹುಡುಕುವ ಕೆಲಸವೇ ಇರಲಿಲ್ಲ, ಬೇಕಾದದ್ದು ಎಲ್ಲಕ್ಕಿಂತ ಮೇಲಿತ್ತು. ಅವಳದೇ ದುಂಡು ಅಕ್ಷರ, ಅಂಚೆಯವರ ಚೊಕ್ಕ ಅಕ್ಷರ: 18. 5466 ಆಸ್ಪೆರುಪ್.

ಸಂಖ್ಯೆಯ ಹಿಂದೆ ಊರು ಬರೆಯುವುದು ಅವಳ ಕೈಗೆ ಅಂಟಿದ ಅಭ್ಯಾಸ. ಬರೆದದ್ದು ಅವಳಿಗೆ ನೆನಪೇ ಇರಲಿಲ್ಲ.

"ಗೆರ್ದಾ ಈ ಕಾರ್ಡ್ ನೋಡಿ ನಕ್ಕಳು," ಎಂದ ಎಯ್ನರ್. "ಪಾಪ, ಎಲ್ಲೋ ಲಕ್ಷ ಇಟ್ಟು ಬರದಾರ, ವಾಪಸ್ ಕಳಸು, ಏನ್ ಅನ್ನಾಕ ಹೋಗಿದ್ರಿ ಅಂತ ಕೇಳು ಅಂದಳು. ನಾ ಅಂದೆ, ಅಂಕಿ ಚೊಕ್ಕ ಐತಿ, ನಿಯಮ ನಿಯಮ. ಕುದರಿ ಪುಕ್ಕಟ ಸಿಕ್ಕಿತ್ತಲ್ಲ. ನಾ ತಗೊಂಡೆ. ಆಸ್ಪೆರುಪ್ ಅನ್ನೂದು ಕಂಡೇ ಇಲ್ಲ ಅನ್ನೂವಂಗ ಬರೀ ಅಂಕಿ ಬರದು ಉತ್ತರ ಕಳಿಸಿದೆ."

"ಮತ್ತೆ ಅಷ್ಟೆಲ್ಲ ಹೊಗಳಿದ್ದು? ಪತ್ರಿಕೆಗೆ ಕಳಿಸಿದ್ದು? ಗೋಡೆಗೆ ಹಾಕಿದ್ದು?"

"ದೊಡ್ಡ ನಡಿಗೆ ಸೋತಾನ ಅಂದ್ರ, ಕೈತಪ್ಪಿ ಬಿದ್ದದ್ದನ್ನ ಎತ್ತಿ ಕಿಸೆದಾಗ ಹಾಕ್ಕೊಂಡಾನ ಅಂತ ಯಾರೂ ಅನ್ನೂದಿಲ್ಲ. ಗೆರ್ದಾ ಮಾತ್ರ ಆ ಚಿತ್ರದ ಧೂಳ ಒರಸ್ತಿರಲಿಲ್ಲ. ನೀನ ಒರಸ್ಕೋ ಅಂತಿದ್ದಳು."

ಬೋದಿಲ್‌ಗೆ ಮೊದಲು ಬಂದದ್ದು ಸಿಟ್ಟು. ಇವನ ಮಾನ ಉಳಿಸಲೆಂದು ತಾನು ಎಷ್ಟು ಬೆಳಗುಗಳನ್ನು ಆ ತಟ್ಟೆಗೆ ಬೆನ್ನು ಹಾಕಿ ಕಳೆದೆ!

"ಒಂದು ಸಾಲು ಬರೆಯೋಕಾಗ್ಲಿಲ್ವಾ ನಿಂಗೆ? ಇಪ್ಪತ್ತೈದು ವರ್ಷದಲ್ಲಿ ಒಂದೇ ಒಂದು ಸಾಲು? ಗಾಳಿ ಬಗ್ಗೆ ಬರೆಯೋಕೆ ಮಾತ್ರ ಜಾಗ ಇತ್ತಾ?"

"ನಿನಗ ಆತೇನು?" ಎಂದ ಅವನು.

ಹೊರಗೆ ಗಾಳಿ ನಿಜಕ್ಕೂ ಜೋರಾಗಿತ್ತು, ಕಿಟಕಿ ಗಡಗಡ ಅನ್ನುತ್ತಿತ್ತು. ಬೋದಿಲ್‌ಗೆ ನಗು ತಡೆಯಲಾಗಲಿಲ್ಲ. ಎಯ್ನರ್ ನಗಲಿಲ್ಲ, ಎದ್ದು ಹೋಗಿ ಅವಳ ಕೇಕಿನ ಡಬ್ಬಿ ಬಿಚ್ಚಿ ದೊಡ್ಡ ದೊಡ್ಡ ಎರಡು ತುಂಡು ಕತ್ತರಿಸಿ ತಂದ.

ಕಾಫಿ ಆದ ಮೇಲೆ ಅವಳು ಚೀಲದಿಂದ ಟಿಪ್ಪಣಿಯ ಹಾಳೆ, ಪೆನ್ನು ತೆಗೆದಳು. ಹದಿನೆಂಟನೆಯ ನಡೆಯ ಮುಂದೆ ತಪ್ಪು ನಡೆಗೆ ಹಾಕುವ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಸ್ಪೆರುಪ್‌ನ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದಳು. ಎಯ್ನರ್ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದ.

"ನನ್ನ ನಡಿಗೂ ಒಂದು ಹಾಕು."

"ಯಾಕೆ? ಕುದುರೆ ಸುಮ್ನೆ ಸಿಕ್ಕಿದ್ರೆ ಯಾರಾದ್ರೂ ತಗೋತಾರೆ. ಆಟದಲ್ಲಿ ಅದು ತಪ್ಪಲ್ಲ."

"ಆಟಕ್ಕಲ್ಲ. ಹಾಕು ಅಂದೆ."

ಅವಳು ಹಾಕಿದಳು. ಯಾಕೆ ಎಂಬುದನ್ನು ಅವನೇ ಹೇಳಿ ಬರೆಸಿದ, ಗೆರ್ದಾಳ ಮಾತನ್ನೂ ಬಿಡಲಿಲ್ಲ. ಹೀಗೆ ಒಂದೊಂದೇ ನಡೆ ದಾಟಿ ಇಪ್ಪತ್ತೆರಡಕ್ಕೆ ಬಂದರು. ಬೋದಿಲ್ 5156 ಎಂದು ಬರೆದು, ಕವಲುಗಳನ್ನು ಕೆಳಗೆ ಬರೆದು, ಮುಂದಿನ ನಡೆಗೆ ಹೋಗುವವಳಿದ್ದಳು. ಎಯ್ನರ್ ಬೆರಳಿಟ್ಟು ತಡೆದ.

"ಇಲ್ಲಿ ಯಾಕ ಖಾಲಿ?"

"ಸ್ವಂತ ನಡೆಗೆ ನಾನೇ ಹಾಕ್ಕೊಳ್ಳೋದಾ? ಚೆನ್ನಾಗಿರತ್ತಾ? ಮೇಷ್ಟ್ರೇ ಹಾಕ್ಲಿಲ್ಲ."

"ಮೇಷ್ಟರ ಈ ಆನಿ ಎದುರಿಗೆ ಕುಂತಿದ್ದರೇನು? ನಾ ಕುಂತಿದ್ದೆ." ಅವನು ಹಲಗೆಯ ಮೇಲಿನ ಆನೆಯನ್ನು ಎತ್ತಿ ಆ ಮನೆಯಲ್ಲಿಟ್ಟ. "ಕುದರಿ ತಿಂದ ಮ್ಯಾಲ ಆಟ ನಂದೇ ಅಂತ ಕುಂತಿದ್ದೆ. ಹತ್ತೊಂಬತ್ತು ದಿನ ನಿನ್ನ ಕಾರ್ಡ್ ಬರಲಿಲ್ಲ, ಸೋಲು ಒಪ್ಪಾಕ ನಾಚತಾಳ ಅಂದ್ಕೊಂಡೆ. ಆಮ್ಯಾಲ ಇದು ಬಂತು. ಹೊಡದು ನೋಡಿದೆ, ಹೊಡೀದ ನೋಡಿದೆ. ಇವತ್ತಿನವರೆಗೂ ನೋಡೇನಿ, ಬೋದಿಲ್. ಎಲ್ಲೆ ಹೋದ್ರೂ ಸಾಯ್ತೀನಿ. ಡೇರಿಗೆ ಬಂದವರೆಲ್ಲ ಕುದರಿ ಬಗ್ಗೆ ಕೇಳ್ತಿದ್ದರು. ಈ ಆನಿ ಬಗ್ಗೆ ಒಬ್ಬರೂ ಕೇಳಲಿಲ್ಲ. ನಾ ಚಿತ್ರ ಗೋಡೆಗೆ ಹಾಕಿದ್ದು ಮೊದಲ ನಾಚಿಕಿಗೆ, ಖರೆ. ತಗೀಲಾರದ ಬಿಟ್ಟದ್ದು ಇದಕ್ಕ."

ಅವನು ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, 5156ರ ಮುಂದೆ ನಿಧಾನವಾಗಿ ಒಂದು ಆಶ್ಚರ್ಯ ಚಿಹ್ನೆ ಹಾಕಿದ. ಶಾಯಿ ಸರಿಯಾಗಿ ಇಳಿಯಲಿಲ್ಲವೆಂದು ಅದರ ಮೇಲೆಯೇ ಇನ್ನೊಮ್ಮೆ ತೀಡಿದ.

ಏನಾದರೂ ಹೇಳಬೇಕಲ್ಲ ಎಂದು ಬೋದಿಲ್, "ಎರಡು ಹಾಕಲ್ವಾ?" ಎಂದಳು.

"ಅಷ್ಟೇನ್ ಕೆಟ್ಟಿಲ್ಲ ನಡಿ," ಎಂದ ಎಯ್ನರ್. ಜಟ್ಲಂಡಿನವರ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಬರುವುದಿಲ್ಲ ಎಂಬುದು ಬೋದಿಲ್‌ಗೆ ಗೊತ್ತಿತ್ತು. ಅವಳು ಕರವಸ್ತ್ರ ಹುಡುಕಿದಳು, ಸಿಗದೆ ಕುರ್ಚಿಗೆ ಹಾಕಿದ್ದ ಮಳೆಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ತನಗೆ ಬೇಕಾಗಿದ್ದದ್ದು ಇದೊಂದೇ ಎಂದು ಅವಳಿಗೆ ಆಗ ತಿಳಿಯಿತು.

ಮೂರು ವಾರ ಕಳೆದ ಮೇಲೆ ಪುಸ್ತಕದ ಸಂಪಾದಕರು ಫೋನ್ ಮಾಡಿದರು. ಕಿರಿಯ ವಯಸ್ಸಿನವರು, ಬಹಳ ವಿನಯ.

"ನಮಸ್ಕಾರ ಮೇಡಂ. ಅಚ್ಚಿಗೆ ಹೋಗೋ ಮುಂಚೆ ಒಂದೆರಡು ಕೇಳೋಣ ಅಂತ. ಹದಿನೆಂಟನೇ ನಡೆ ಮುಂದೆ ಪ್ರಶ್ನಾರ್ಥಕ ಬಿದ್ದಿದೆ. ಕೆಳಗಿನ ಕಥೆ ನೀವು ತಮಾಷೆಗೆ ಬರೆದಿರ್ತೀರಿ ಅಂತ ಗೊತ್ತಾಯ್ತು, ಆದ್ರೆ ಚಿಹ್ನೆ ಮಾತ್ರ ಬರವಣಿಗೆ ತಪ್ಪಿರ್ಬೇಕು ಅಲ್ವಾ? ಎರಡು ಆಶ್ಚರ್ಯ ಚಿಹ್ನೆ ಮಾಡ್ಲಾ?"

"ಬೇಡಪ್ಪ. ಬರವಣಿಗೆ ತಪ್ಪಲ್ಲ ಅದು, ನನ್ನ ತಪ್ಪು. ಕಥೆನೂ ತಮಾಷೆ ಅಲ್ಲ, ಹಾಗೇ ಹಾಕಿ."

ಸಂಪಾದಕರು ತಡವರಿಸಿದರು. ಐವತ್ತು ಆಟದಲ್ಲಿ ಎಲ್ಲರಿಗೂ ಗೊತ್ತಿರುವುದು ಇದೊಂದೇ, ಓದುಗರಿಗೆ ಬೇಸರವಾಗುತ್ತದೆ, ಯೋಚಿಸಿ ಎಂದರು. ಬೋದಿಲ್ ಯೋಚಿಸಿ ಆಗಿದೆ ಎಂದಳು.

"ಸರಿ ಮೇಡಂ, ನಿಮ್ಮಿಷ್ಟ. ಇನ್ನೊಂದು, ಇಪ್ಪತ್ತೆರಡನೇ ನಡೆ. ಅಲ್ಲಿ ಬೇರೆ ಯಾರೋ ದಪ್ಪಗೆ ತೀಡಿ ಒಂದು ಆಶ್ಚರ್ಯ ಚಿಹ್ನೆ ಗೀಚಿದ್ದಾರೆ. ಹಳೇ ಟಿಪ್ಪಣಿಯಲ್ಲಿ ಅದು ಇಲ್ಲ. ತೆಗೆದುಬಿಡ್ಲಾ?"

"ಅದನ್ನ ಮುಟ್ಟಬೇಡಿ," ಎಂದಳು ಬೋದಿಲ್. "ಅದು ಸೋತವನು ಹಾಕಿದ್ದು."